ನಾಲ್ಕು ಕೈಗಳ ಮಡಿಕೆ

ಚಕ್ರವರ್ತಿ ತೀರಿಕೊಂಡ ಸುದ್ದಿ ಕೇಳಿದಾಗ ಸೆವೆರಿನ್ ಹೋಲ್ಟ್ಸರ್‌ಗೆ ಮೊಟ್ಟಮೊದಲು ಆದದ್ದು ಸಂತೋಷ. ಆಮೇಲೆ ನಾಚಿಕೆಯಾಯಿತು, ದುಃಖವೂ ಆಯಿತು, ಚರ್ಚಿಗೆ ಹೋಗಿ ಮೇಣದ ಬತ್ತಿ ಹಚ್ಚಿಟ್ಟೂ ಬಂದ. ಆದರೆ ಮೊದಲು ಆದದ್ದು ಸಂತೋಷವೇ. ಅದನ್ನು ಅವನು ಪಾದ್ರಿಯ ಮುಂದೆ ಕೂಡ ಒಪ್ಪಿಕೊಳ್ಳಲಿಲ್ಲ.

ಅದು ಸಾವಿರದ ಒಂಬೈನೂರ ಇಪ್ಪತ್ತೆರಡನೆಯ ಇಸವಿಯ ಏಪ್ರಿಲ್ ತಿಂಗಳು. ವಿಯೆನ್ನಾದ ಒಂದು ಮೂರನೆಯ ಮಹಡಿಯ ಅಡುಗೆಮನೆಯಲ್ಲಿ ಸೆವೆರಿನ್ ಹುರಿದ ಅಂಜೂರದ ಸುಳ್ಳು ಕಾಫಿ ಕುಡಿಯುತ್ತ ಕೂತಿದ್ದ. ಮನೆಯ ಒಡತಿ ಪೊಸ್ಪಿಶಿಲಮ್ಮ ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು.

"ಪಾಪ ಕಣ್ರೀ, ಮೂವತ್ನಾಲ್ಕೇ ವರ್ಷ. ಏಳು ಮಕ್ಕಳು, ಹೊಟ್ಟೇಲಿ ಇನ್ನೊಂದು. ಅದ್ಯಾವುದೋ ಮದೀರಾ ಅಂತೆ, ನಡುಸಮುದ್ರದಲ್ಲಿ. ಶೀತ ಎದೆಗಿಳೀತಂತೆ. ನಿಮ್ಮ ಧಣಿ ಅಲ್ವಾ ದರ್ಬಾರಿ ರಾಯರೇ, ಏನಾದ್ರೂ ಅನ್ನಿ."

ಸೆವೆರಿನ್‌ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಮಾತು. ಹಾಗಾದರೆ ಇನ್ನು ಬುರ್ಗಿ ವಾಪಸ್ಸು ಬರುತ್ತಾಳೆ.

ಬುರ್ಗಿ ಯಾರು ಎಂದು ಹೇಳುವುದಕ್ಕೆ ಮೊದಲು ಮಡಿಕೆಯ ವಿಷಯ ಹೇಳಬೇಕು. ಚಕ್ರವರ್ತಿಗಳು ವಾಸವಾಗಿದ್ದ ವಿಯೆನ್ನಾದ ಹೋಫ್‌ಬುರ್ಗ್ ಅರಮನೆಯಲ್ಲಿ ಬೆಳ್ಳಿಯ ಪಾತ್ರೆಗಳನ್ನೂ ಮೇಜಿನ ವಸ್ತ್ರಗಳನ್ನೂ ನೋಡಿಕೊಳ್ಳುವುದಕ್ಕೆ ಒಂದು ಇಲಾಖೆಯೇ ಇತ್ತು. ಊಟಕ್ಕೆ ಕೂತವರು ತೊಡೆಯ ಮೇಲೆ ಹಾಸಿಕೊಳ್ಳುವ ಲಿನನ್ ವಸ್ತ್ರ ಇರುತ್ತದಲ್ಲ, ಚಕ್ರವರ್ತಿಯ ಮೇಜಿಗೆ ಅದನ್ನು ಮಡಿಸುವ ಕ್ರಮವೇ ಬೇರೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಒಂದು ಗಜದ ಚೌಕ ಎದ್ದು ನಿಲ್ಲಬೇಕು, ಎರಡು ಕಡೆಗೂ ರೆಕ್ಕೆ ಬಿಚ್ಚಬೇಕು, ಹೊಟ್ಟೆಯೊಳಗೆ ಒಂದು ಬಿಳಿ ಬನ್ನು ಇಟ್ಟುಕೊಳ್ಳಬೇಕು. ಅದನ್ನು ಬರೆದಿಡುವ ಹಾಗಿಲ್ಲ, ಚಿತ್ರ ತೆಗೆದಿಡುವ ಹಾಗಿಲ್ಲ. ಬಲ್ಲವರು ಯಾವ ಕಾಲಕ್ಕೂ ಇಬ್ಬರೇ, ಅವರಿಗೂ ಅರ್ಧರ್ಧ ಮಾತ್ರ ಗೊತ್ತು. ಬಲಗಡೆ ಕೂತವರದು ಬುಡದ ಮಡಿಕೆಗಳು, ಎಡಗಡೆ ಕೂತವರದು ರೆಕ್ಕೆಯ ಮಡಿಕೆಗಳು. ಒಬ್ಬರು ಮಡಿಸುವಾಗ ಇನ್ನೊಬ್ಬರು ಎರಡೂ ಕೈಯಿಂದ ಬಟ್ಟೆಯನ್ನು ಒತ್ತಿ ಹಿಡಿದು ಗೋಡೆ ನೋಡುತ್ತ ಕೂರಬೇಕು. ಒಂದು ಬಟ್ಟೆಯ ತುಂಡಿಗೆ ಇಷ್ಟೆಲ್ಲ ಯಾಕಪ್ಪಾ ಎಂದು ಯಾರಿಗಾದರೂ ಅನ್ನಿಸಬಹುದು. ಅರಮನೆಯಲ್ಲಿ ಹಾಗೆ ಬಾಯಿಬಿಟ್ಟು ಕೇಳಿದವರಿಗೆ ಮಾರನೆಯ ದಿನ ಕೆಲಸ ಇರುತ್ತಿರಲಿಲ್ಲ.

ಸೆವೆರಿನ್ ಎಡಗಡೆಯವನು. ಬಲಗಡೆಗೆ ಸಾವಿರದ ಒಂಬೈನೂರ ನಾಲ್ಕರಲ್ಲಿ ಬಂದವಳು ವಾಲ್ಬುರ್ಗಾ ಐಗ್ನರ್. ಎನ್ಸ್ ನದಿಯ ದಡದ ಒಬ್ಬ ಇಸ್ತ್ರಿಯವಳ ಮಗಳು, ಎಲ್ಲರ ಬಾಯಲ್ಲೂ ಬುರ್ಗಿ. ಬೀಗ ಹಾಕಿದ ಕೋಣೆಯಲ್ಲಿ, ಒಂದೇ ಮೇಜಿನ ಮುಂದೆ, ಅವರಿಬ್ಬರೂ ಹದಿನಾಲ್ಕು ವರ್ಷ ಕೂತರು. ಅವಳು ಮಡಿಸುವಾಗ ಅವಳ ಬೆರಳುಗಳು ಅವನ ಬೆರಳುಗಳ ಮೇಲೆ, ಕೆಳಗೆ, ಸಂದಿಯಲ್ಲಿ ಓಡಾಡುತ್ತಿದ್ದವು. ಅವನು ಗೋಡೆ ನೋಡುತ್ತಿದ್ದ. ಅವಳು ರಾತ್ರಿ ಸರಿಯಾಗಿ ನಿದ್ದೆ ಮಾಡಿದ್ದಾಳೆಯೇ, ಊರಿನಿಂದ ಕಾಗದ ಬಂದಿದೆಯೇ, ಯಾರ ಮೇಲಾದರೂ ಸಿಟ್ಟಿದೆಯೇ, ಎಲ್ಲವೂ ಅವನಿಗೆ ಬೆರಳಿನಿಂದಲೇ ತಿಳಿಯುತ್ತಿತ್ತು. ಅವಳ ಮಡಿಕೆ ಮಾತ್ರ ತಿಳಿದಿರಲಿಲ್ಲ. ಒಂದೇ ಒಂದು ಸಲ ಕೂಡ ಅವನು ಕದ್ದು ನೋಡಲಿಲ್ಲ, ಅಂಥ ಪ್ರಾಣಿ.

"ಗೋಡೆ ರಾಯರೇ, ಇವತ್ತು ಗೋಡೆ ಏನಂತು?" ಎಂದು ಬುರ್ಗಿ ಕೇಳುತ್ತಿದ್ದಳು.

"ಸುಣ್ಣ ಉದುರ್ತಾ ಇದೆ ಅಂತು."

"ದಿನಾ ಅದನ್ನೇ ಹೇಳ್ತದಲ್ಲ. ಬೇರೆ ಏನೂ ಹೇಳೋದೇ ಇಲ್ವಾ ಅದು?"

ಬೇರೆ ಹೇಳುವುದಕ್ಕೆ ಗೋಡೆಗೆ ಧೈರ್ಯವಿರಲಿಲ್ಲ. ಹೇಳುವುದಕ್ಕೆ ಏನಿತ್ತು ಎಂಬುದು ಆ ಕೋಣೆಯ ಮೇಜಿಗೂ ಗೊತ್ತಿತ್ತು, ಇಸ್ತ್ರಿ ಪೆಟ್ಟಿಗೆಗೂ ಗೊತ್ತಿತ್ತು. ಸೆವೆರಿನ್ ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದ. ನಾಳೆ ಬೆಳಿಗ್ಗೆ ಮತ್ತೆ ಗೋಡೆಯ ಕಡೆ ತಿರುಗುತ್ತಿದ್ದ.

ಇನ್ನೊಂದು ನಿಯಮವಿತ್ತು, ಈ ಕಥೆಗೆಲ್ಲ ಮೂಲ ಅದೇ. ಮಡಿಕೆ ಬಲ್ಲ ಇಬ್ಬರೂ ಒಂದೇ ರೈಲು ಹತ್ತಬಾರದು. ರೈಲು ಹಳಿ ತಪ್ಪಿ ಇಬ್ಬರೂ ಸತ್ತುಹೋದರೆ ಚಕ್ರವರ್ತಿಯ ಮೇಜಿನ ಗತಿ ಏನು? ಬೇಸಿಗೆಯಲ್ಲಿ ದರ್ಬಾರು ಇಶ್ಲ್ ಊರಿಗೆ ಹೊರಟಾಗ ಬುರ್ಗಿ ಬೆಳಗಿನ ರೈಲಿಗೆ ಹೋಗುತ್ತಿದ್ದಳು, ಸೆವೆರಿನ್ ಮುಂದಿನ ರೈಲಿಗೆ. ಅವನು ಹೋಗಿ ಇಳಿಯುವಾಗ ಅವಳು ಸ್ಟೇಷನ್ನಿನ ಬೆಂಚಿನ ಮೇಲೆ ಚೆರ್ರಿ ಹಣ್ಣು ತಿನ್ನುತ್ತ ಕೂತಿರುತ್ತಿದ್ದಳು. ಅರ್ಧ ಹಣ್ಣು ಅವನಿಗೆಂದು ಕಾಗದದಲ್ಲಿ ಉಳಿಸಿರುತ್ತಿದ್ದಳು. ಇಡೀ ವರ್ಷದಲ್ಲಿ ಅವನಿಗೆ ತುಂಬ ಇಷ್ಟವಾದ ದಿನ ಅದು.

ಚಕ್ರವರ್ತಿಗಳನ್ನು ಅವರಿಬ್ಬರೂ ಹತ್ತಿರದಿಂದ ಕಂಡವರಲ್ಲ. ಊಟ ಮುಗಿದ ಮೇಲೆ ವಾಪಸ್ಸು ಬಂದ ವಸ್ತ್ರದಿಂದ ಬಲ್ಲವರು. ಅರವತ್ತೆಂಟು ವರ್ಷ ಆಳಿದ ಮುದಿ ಚಕ್ರವರ್ತಿಯ ವಸ್ತ್ರ ಬಿಚ್ಚಿದ್ದೇ ಗೊತ್ತಾಗದ ಹಾಗೆ ಬರುತ್ತಿತ್ತು. ಮಹಾಯುದ್ಧದ ಮೂರನೆಯ ವರ್ಷ ಅವನು ತೀರಿಕೊಂಡ. ಅವನ ತಮ್ಮನ ಮೊಮ್ಮಗ ಕಾರ್ಲ್ ಪಟ್ಟಕ್ಕೆ ಬಂದ, ಇಪ್ಪತ್ತೊಂಬತ್ತರ ಹುಡುಗ. ಅವನ ಮೇಜಿನಿಂದ ಬಂದ ಮೊದಲನೆಯ ವಸ್ತ್ರವನ್ನು ಬುರ್ಗಿ ಬೆಳಕಿಗೆ ಹಿಡಿದಳು. ಒಂದು ಮೂಲೆ ಹಗ್ಗದ ಹಾಗೆ ಹೊಸೆದುಹೋಗಿತ್ತು.

"ಈ ಮಗು ಊಟ ಮಾಡ್ತಿಲ್ಲ ಕಣ್ರೀ," ಎಂದಳು ಬುರ್ಗಿ. "ಮೇಜಿನ ಕೆಳಗೆ ಕೂತ್ಕೊಂಡು ಬಟ್ಟೆ ಹಿಂಡ್ತಾ ಇದೆ."

ಎರಡು ವರ್ಷ ಅವರು ಆ ಹಿಂಡಿದ ಮೂಲೆಗಳನ್ನು ನೋಡಿದರು. ಊರಿನವರು ಮೆಕ್ಕೆಜೋಳದ ಹಿಟ್ಟಿನ ಬ್ರೆಡ್ಡು ತಿನ್ನುವಾಗ ಕಾರ್ಲ್ ತನಗೂ ಅದೇ ಸಾಕು ಎಂದನಂತೆ. ಬಿಳಿ ಬನ್ನು ಹೋಗಿ ಮಡಿಕೆಯ ಹೊಟ್ಟೆಯಲ್ಲಿ ಪುಡಿಪುಡಿಯಾಗುವ ಹಳದಿ ಬ್ರೆಡ್ಡು ಬಂತು. ಯುದ್ಧ ನಿಲ್ಲಿಸೋಣ ಎಂದು ಗುಟ್ಟಾಗಿ ಕಾಗದ ಬರೆದನಂತೆ. ಗುಟ್ಟು ಬಯಲಾಗಿ ಮಿತ್ರರಿಂದಲೂ ಶತ್ರುಗಳಿಂದಲೂ ಬೈಸಿಕೊಂಡನಂತೆ. ಆ ವಾರ ಬಂದ ವಸ್ತ್ರಗಳ ನಾಲ್ಕು ಮೂಲೆಗಳೂ ಹೊಸೆದುಹೋಗಿದ್ದವು. ಭಾನುವಾರಗಳಲ್ಲಿ ಮಾತ್ರ ಜಾಮು ಮೆತ್ತಿದ ಪುಟ್ಟ ಪುಟ್ಟ ಬೆರಳಿನ ಗುರುತು ಇರುತ್ತಿತ್ತು, ಮಕ್ಕಳು ತೊಡೆ ಹತ್ತಿದ್ದಕ್ಕೆ. ಬುರ್ಗಿ ಆ ಕಲೆಗಳನ್ನು ತಾನೇ ತೊಳೆಯುತ್ತಿದ್ದಳು. ಎಂದೂ ಮಾತಾಡಿಸದ ಒಡೆಯನ ಮೇಲೆ ಇಬ್ಬರಿಗೂ ಕರುಳು ಅಂಟಿಕೊಂಡದ್ದು ಹೀಗೆ.

ಹದಿನೆಂಟರ ನವೆಂಬರಿನಲ್ಲಿ ದೇಶ ಯುದ್ಧದಲ್ಲಿ ಸೋತಿತು, ಸಾಮ್ರಾಜ್ಯ ಚೂರುಚೂರಾಯಿತು. ಆಳುವ ಕೆಲಸದಿಂದ ಹಿಂದೆ ಸರಿದಿದ್ದೇನೆಂದು ಚಕ್ರವರ್ತಿ ಒಂದು ಕಾಗದಕ್ಕೆ ರುಜು ಹಾಕಿದ. ಅದೇ ಸಂಜೆ ಹೆಂಡತಿ ಮಕ್ಕಳೊಂದಿಗೆ ಎಕಾರ್ಟ್ಸೌ ಎಂಬಲ್ಲಿನ ಬೇಟೆಯ ಬಂಗಲೆಗೆ ಹೊರಟುಹೋದ. ವಸ್ತ್ರದ ಪೆಟ್ಟಿಗೆಗಳ ಜೊತೆ ಬುರ್ಗಿ ಒಂದು ಬಂಡಿಯಲ್ಲಿ, ಸೆವೆರಿನ್ ಇನ್ನೊಂದು ಬಂಡಿಯಲ್ಲಿ ಹೋದರು.

ಕ್ರಿಸ್ಮಸ್ ದಿನದ ಊಟಕ್ಕೆ ಮಡಿಕೆ ಮಾಡಿ ಕಳಿಸಿದರು. ಚಕ್ರವರ್ತಿ ಜ್ವರದಲ್ಲಿ ಮಲಗಿದ್ದ. ವಸ್ತ್ರ ರೆಕ್ಕೆ ಬಿಚ್ಚಿಕೊಂಡು ನಿಂತದ್ದು ನಿಂತಹಾಗೆಯೇ ತಟ್ಟೆಯ ಮೇಲೆ ವಾಪಸ್ಸು ಬಂತು. ಬಿಚ್ಚದೆ ಬಂದ ಮಡಿಕೆಯನ್ನು ಮಡಿಸಿದವರೇ ಬಿಚ್ಚಬೇಕು, ಬೇರೆಯವರ ಕಣ್ಣಿಗೆ ಬೀಳಬಾರದು.

"ನಂಗೆ ಕೈ ಬರ್ತಿಲ್ಲ," ಎಂದಳು ಬುರ್ಗಿ. "ಹೀಗೇ ಇರ್ಲಿ ಬಿಡಿ. ಕಿಟಕಿ ಹತ್ರ ಇಟ್ಕೊಳ್ಳೋಣ."

"ನಿಯಮ ಇದೆಯಲ್ಲ ಬುರ್ಗಿಯವರೇ."

"ಮಾಡಿದೋರು ಎಲ್ಲಿದಾರೆ? ತೋರಿಸಿ ನೋಡೋಣ."

ಸೆವೆರಿನ್ ತನ್ನ ಪಾಲಿನ ರೆಕ್ಕೆಗಳನ್ನು ಬಿಚ್ಚಿದ. ಆಮೇಲೆ ಅವಳ ಪಾಲು ಬಿಚ್ಚಲಿ ಎಂದು ಮುಖ ತಿರುಗಿಸಿದ. ಆ ಬಂಗಲೆಯ ಗೋಡೆಯ ತುಂಬ ಜಿಂಕೆಯ ತಲೆಗಳಿದ್ದವು. ಒಂದು ಜಿಂಕೆಯ ಗಾಜಿನ ಕಣ್ಣನ್ನೇ ನೋಡುತ್ತ ನಿಂತ. ಕೊನೆಗೆ ಬಟ್ಟೆಯ ಸದ್ದು ಕೇಳಿಸಿತು.

ಮಾರ್ಚಿ ತಿಂಗಳಲ್ಲಿ ಹೊಸ ಸರ್ಕಾರ ದೇಶ ಬಿಟ್ಟು ಹೋಗಿ ಎಂದಿತು. ಸ್ವಿಟ್ಜರ್‌ಲ್ಯಾಂಡಿಗೆ ರೈಲು ಸಿದ್ಧವಾಯಿತು. ಹತ್ತಿರದ ಚಿಕ್ಕ ಸ್ಟೇಷನ್ನಿನಲ್ಲಿ ಸಂಜೆಯ ಮಳೆಯೊಳಗೆ ಹಳ್ಳಿಯವರು ಟೊಪ್ಪಿಗೆ ತೆಗೆದು ನಿಂತಿದ್ದರು. ಪರಿವಾರದ ಮೇಲ್ವಿಚಾರಕ ಪಟ್ಟಿ ಹಿಡಿದು ಹೆಸರು ಕೂಗಿದ: ಐಗ್ನರ್, ಹೋಲ್ಟ್ಸರ್. ಬುರ್ಗಿ ಹತ್ತಿದಳು. ಸೆವೆರಿನ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ನಿಂತುಬಿಟ್ಟ.

"ಸ್ವಾಮಿ, ನಾವಿಬ್ರೂ ಒಂದೇ ರೈಲಲ್ಲಿ ಹೋಗೋ ಹಾಗಿಲ್ಲ," ಎಂದ.

ಮೇಲ್ವಿಚಾರಕನಿಗೆ ತಲೆಗೆ ಹತ್ತು ತಾಪತ್ರಯ. "ಹಾಗಾದ್ರೆ ಒಬ್ರು ಇಳೀರಿ, ಬೇಗ," ಎಂದು ಪೆನ್ಸಿಲ್ಲಿನಿಂದ ಗೀಟು ಎಳೆದೇಬಿಟ್ಟ.

ಬುರ್ಗಿ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದಳು. "ಮುಂದಿನದಕ್ಕೆ ಬರ್ತೀರಲ್ಲ?"

"ಅಪ್ಪಣೆ ಬರ್ಲಿ," ಎಂದ ಸೆವೆರಿನ್. "ಬಂದ ತಕ್ಷಣ ಹೊರಡ್ತೀನಿ."

ರೈಲು ಹೊರಟಿತು. ಪಕ್ಕದಲ್ಲಿ ನಿಂತ ಒಬ್ಬ ರೈತ ಚಕ್ರವರ್ತಿಗಾಗಿ ಬಿಕ್ಕಿಬಿಕ್ಕಿ ಅಳುತ್ತಿದ್ದ. ಸೆವೆರಿನ್ ಕೂಡ ಅತ್ತ. ಯಾರಿಗಾಗಿ ಅತ್ತ ಎಂದು ಅಲ್ಲಿ ಯಾರೂ ಕೇಳುವ ಹಾಗಿರಲಿಲ್ಲ, ಅದೊಂದು ಅನುಕೂಲವಾಯಿತು.

ವಿಯೆನ್ನಾಕ್ಕೆ ಮರಳಿದ. ಅರಮನೆಯ ಬೆಳ್ಳಿಯೆಲ್ಲ ಈಗ ಗಣರಾಜ್ಯದ್ದು. ಅದನ್ನು ಉಜ್ಜಿ ಇಡುವುದಕ್ಕೆ ಒಬ್ಬ ಬೇಕಿತ್ತು, ಇವನನ್ನೇ ಇಟ್ಟುಕೊಂಡರು. ಪೊಸ್ಪಿಶಿಲಮ್ಮನ ಮನೆಯಲ್ಲಿ ಒಂದು ಕೋಣೆ ಹಿಡಿದ. ಅಪ್ಪಣೆಗೆ ಕಾದ. ಅಪ್ಪಣೆಯ ಬದಲು ಬುರ್ಗಿಯ ಕಾಗದಗಳು ಬಂದವು. "ನಾವಿರುವ ಊರಿನ ಸ್ಟೇಷನ್ನು ಚೆನ್ನಾಗಿದೆ, ಸರೋವರದ ಪಕ್ಕದಲ್ಲೇ," ಎಂದು ಬರೆದಳು. "ದಿನಕ್ಕೆ ಎರಡು ರೈಲು ಬರುತ್ತವೆ, ಹನ್ನೊಂದೂವರೆಗೆ ಒಂದು, ನಾಲ್ಕೂ ಹತ್ತಕ್ಕೆ ಒಂದು." ಇನ್ನೊಂದರಲ್ಲಿ, "ಹನ್ನೊಂದೂವರೆಯದು ಈಗ ಹನ್ನೆರಡಕ್ಕೆ ಬರುತ್ತಿದೆ. ನಾಲ್ಕೂ ಹತ್ತರದು ಮಾತ್ರ ಸಮಯಕ್ಕೆ ಸರಿಯಾಗಿ."

ಸೆವೆರಿನ್ ಪ್ರತಿಯೊಂದಕ್ಕೂ ತಪ್ಪದೆ ಉತ್ತರ ಬರೆದ. ಈಗ ಸಿಗುವ ಸೋಪಿನಲ್ಲಿ ನೊರೆಯೇ ಬರುವುದಿಲ್ಲ, ಗಂಜಿಗೆ ಆಲೂಗಡ್ಡೆ ಹಿಟ್ಟು ಬೆರೆಸುತ್ತಾರೆ, ಕೋಣೆಯ ಗೋಡೆಗೆ ಸುಣ್ಣ ಹೊಡೆಸಿದ್ದಾರೆ ಎಂದೆಲ್ಲ ಬರೆದ.

ಪೊಸ್ಪಿಶಿಲಮ್ಮನಿಗೆ ಬೇರೆಯವರ ಕಾಗದ ಓದುವುದರಲ್ಲಿ ಸಂಕೋಚವೇನೂ ಇರಲಿಲ್ಲ. "ಈ ಯಮ್ಮ ಏನು ರೈಲ್ವೇಲಿ ಕೆಲ್ಸ ಮಾಡ್ತಾಳಾ? ಬರೀ ರೈಲಿನ ಹೊತ್ತು ಬರ್ದಿದಾಳೆ," ಎಂದಳು.

"ಆಕೆಗೆ ಎಲ್ಲವೂ ಅಚ್ಚುಕಟ್ಟು," ಎಂದ ಸೆವೆರಿನ್, ಹೆಮ್ಮೆಯಿಂದ.

ಪೊಸ್ಪಿಶಿಲಮ್ಮ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಇಬ್ಬರು ಗಂಡಂದಿರನ್ನು ಮಣ್ಣು ಮಾಡಿದವಳು ಅವಳು. ಗಂಡಸರ ಬುದ್ಧಿಗೆ ಒಂದು ಮಿತಿಯಿದೆ ಎಂದು ಬಲ್ಲವಳು. ಆಲೂಗಡ್ಡೆ ಸುಲಿಯುವುದಕ್ಕೆ ಹೋದಳು.

ಇಪ್ಪತ್ತೊಂದರಲ್ಲಿ ಕಾರ್ಲ್ ಎರಡು ಸಲ ಹಂಗೇರಿಗೆ ಬಂದ, ಅಲ್ಲಿನ ಕಿರೀಟವನ್ನಾದರೂ ಉಳಿಸಿಕೊಳ್ಳೋಣವೆಂದು. ಎರಡು ಸಲವೂ ಸೆವೆರಿನ್ ಕೋಟಿಗೆ ಬ್ರಷ್ ಹೊಡೆದು, ಪೆಟ್ಟಿಗೆ ಕಟ್ಟಿ, ಬಾಗಿಲ ಕಡೆ ಕಣ್ಣು ನೆಟ್ಟು ಕೂತ. ಚಕ್ರವರ್ತಿ ಬಂದರೆ ಮೇಜು ಬರುತ್ತದೆ, ಮೇಜು ಬಂದರೆ ಮಡಿಕೆ, ಮಡಿಕೆಯೆಂದರೆ ಬುರ್ಗಿ. ದೇಶದಲ್ಲಿ ಸಾವಿರಾರು ಜನ ರಾಜನಿಗಾಗಿ ಪ್ರಾರ್ಥಿಸುತ್ತಿದ್ದರು. ಇವನಷ್ಟು ಮನಸ್ಸಿಟ್ಟು ಪ್ರಾರ್ಥಿಸಿದವರು ಕಡಿಮೆ. ಎರಡು ಸಲವೂ ರಾಜನನ್ನು ಹಿಂದಕ್ಕೆ ಅಟ್ಟಿದರು, ಎರಡನೆಯ ಸಲ ಹಡಗು ಹತ್ತಿಸಿ ಮದೀರಾಕ್ಕೇ ಸಾಗಹಾಕಿದರು. ಕೆಲವು ತಿಂಗಳ ಮೇಲೆ ಮಕ್ಕಳ ಜೊತೆ ಬುರ್ಗಿಯೂ ಆ ದ್ವೀಪಕ್ಕೆ ಹೋದಳು. ಅಲ್ಲಿಂದ ಬಂದ ಒಂದೇ ಕಾಗದದಲ್ಲಿ ರೈಲಿನ ಮಾತಿರಲಿಲ್ಲ. "ಇಲ್ಲಿಗೆ ರೈಲು ಬರುವುದಿಲ್ಲ," ಎಂದಷ್ಟೇ ಇತ್ತು.

ಆ ಚಳಿಗಾಲದಲ್ಲಿಯೇ ಸರ್ಕಾರದ ಅಧಿಕಾರಿ ಡಾಕ್ಟರ್ ರೀಗ್ಲ್ ಬೆಳ್ಳಿಯ ಕೋಣೆಗೆ ಬಂದ. ಎಳೆಯ ವಯಸ್ಸಿನವ, ಒಳ್ಳೆಯವ, ಬಡ ಗಣರಾಜ್ಯದ ಮಾನ ಕಾಪಾಡುವ ಹೊಣೆಯನ್ನು ತಲೆಯ ಮೇಲೆ ಹೊತ್ತವ.

"ಹೋಲ್ಟ್ಸರ್ ಅವರೇ, ಹೊರದೇಶದ ಮಂತ್ರಿಗಳು ಊಟಕ್ಕೆ ಬರ್ತಾರೆ. ಮೇಜಿನ ಮೇಲೆ ಇಡೋದಕ್ಕೆ ಏನೂ ಇಲ್ಲ, ಆ ಮಡಿಕೆಯಾದ್ರೂ ಇರ್ಲಿ. ಮಾಡ್ಕೊಡ್ತೀರಾ?"

"ನಂಗೆ ಗೊತ್ತಿರೋದು ಅರ್ಧ ಸ್ವಾಮಿ."

"ಇನ್ನರ್ಧ?"

"ಮದೀರಾದಲ್ಲಿದೆ."

"ಕರೆಸೋಣ. ಆಕೆಗೂ ಇಲ್ಲೇ ಕೆಲಸ ಕೊಡೋಣ, ಪ್ರಯಾಣದ ವ್ಯವಸ್ಥೆ ನಮ್ದು."

ಸೆವೆರಿನ್ ಒಂದು ಹೂಂ ಎಂದರೆ ಸಾಕಿತ್ತು. ಆದರೆ ಮಡಿಕೆ ಇರುವುದು ಚಕ್ರವರ್ತಿಯ ಮೇಜಿಗೆ, ಚಕ್ರವರ್ತಿ ಬದುಕಿದ್ದಾನೆ. ಆಗುವುದಿಲ್ಲ ಎಂದ. ಮೂರು ದಿನ ಅವನಿಗೆ ಅನ್ನ ಸೇರಲಿಲ್ಲ.

ಹೀಗಾಗಿಯೇ ಏಪ್ರಿಲ್ ತಿಂಗಳ ಆ ಬೆಳಿಗ್ಗೆ ಸಾವಿನ ಸುದ್ದಿ ಕೇಳಿ ಅವನಿಗೆ ಸಂತೋಷವಾದದ್ದು. ಕೆಲಸಕ್ಕೆ ಸೇರುವಾಗ ಯಾರ ಮೇಜಿಗೆಂದು ಪ್ರಮಾಣ ಮಾಡಿದ್ದನೋ ಆ ಒಡೆಯನೇ ಹೋದ ಮೇಲೆ ಪ್ರಮಾಣವೂ ಹೋಯಿತು. ಮೂಲೆ ಹೊಸೆಯುತ್ತಿದ್ದ ಆ ಬಡಪಾಯಿಗಾಗಿ ನಾಲ್ಕು ದಿನ ಕಪ್ಪು ಪಟ್ಟಿ ಕಟ್ಟಿಕೊಂಡ, ಐದನೆಯ ದಿನ ಡಾಕ್ಟರ್ ರೀಗ್ಲ್‌ನ ಬಾಗಿಲು ತಟ್ಟಿದ. ಆಕೆಯನ್ನು ಕರೆಸಿ ಎಂದ. ರೀಗ್ಲ್ ಕೂಡಲೇ ಕಾಗದ ಮಾಡಿಸಿದ: ವಾಲ್ಬುರ್ಗಾ ಐಗ್ನರ್ ಇವರು ಹಿಂದಿನ ಹುದ್ದೆಗೆ ಹಾಜರಾಗತಕ್ಕದ್ದು. ಕೆಳಗೆ ಗಣರಾಜ್ಯದ ಮೊಹರು, ಅದರ ಕೆಳಗೆ ಸಾಕ್ಷಿಯಾಗಿ ಸೆವೆರಿನ್‌ನ ರುಜು.

"ಜೊತೆಗೆ ನೀವೂ ಎರಡು ಸಾಲು ಬರೀತೀರಾ?" ಎಂದು ರೀಗ್ಲ್ ಕೇಳಿದ.

"ಬೇಡ, ಅಪ್ಪಣೆ ಸ್ಪಷ್ಟವಾಗಿದೆ," ಎಂದ ಸೆವೆರಿನ್.

ಎರಡು ತಿಂಗಳು ಅವನ ಕಾಲು ನೆಲದ ಮೇಲಿರಲಿಲ್ಲ. ಬೀಗ ಹಾಕಿದ ಹಳೆಯ ಕೋಣೆಯನ್ನು ತೆಗೆಸಿ ಗುಡಿಸಿದ. ಅವಳ ಕುರ್ಚಿಯ ಅಲ್ಲಾಡುವ ಕಾಲಿಗೆ ಮೊಳೆ ಹೊಡೆದ. ಕೂದಲಿಗೆ ಎಣ್ಣೆ ಹಚ್ಚಿ ಬಾಚುವುದನ್ನು ಕಂಡು ಪೊಸ್ಪಿಶಿಲಮ್ಮ, "ಐವತ್ತೆರಡಕ್ಕೆ ಮದುವಣಿಗ ಆಗ್ಬಿಟ್ರು ದರ್ಬಾರಿ ರಾಯರು," ಎಂದು ಬೀದಿಗೆಲ್ಲ ಸಾರಿದಳು. ಅವನು ಬೇಜಾರು ಮಾಡಿಕೊಳ್ಳಲಿಲ್ಲ.

ಜೂನ್ ತಿಂಗಳ ಮೊದಲ ವಾರ ಬುರ್ಗಿಯ ಕಾಗದ ಬಂತು. ದಪ್ಪನೆಯ ಒಂದೇ ಹಾಳೆ, ಎರಡೂ ಬದಿಗೆ ಬರೆದದ್ದು. ಅಡುಗೆಮನೆಯ ಕಿಟಕಿಯ ಬಳಿ ನಿಂತು ಓದಿದ.

"ಹೋಲ್ಟ್ಸರ್ ಅವರೇ, ಸರ್ಕಾರದ ಕಾಗದ ಬಂತು. ಮೊಹರು ಅಂದವಾಗಿದೆ. ನಿಮ್ಮ ರುಜುವೂ ಇತ್ತು, ಸಾಕ್ಷಿ ಅಂತ. ಓದಿ ನಕ್ಕುಬಿಟ್ಟೆ, ಆಮೇಲೆ ನಗು ಬರಲಿಲ್ಲ.

ಆವತ್ತು ಸ್ಟೇಷನ್ನಿನಲ್ಲಿ ನೀವು ಇಳಿದಾಗ ನಾನು ಏನಂದುಕೊಂಡೆ ಹೇಳಲಾ? ಒಂದೇ ರೈಲಿಗೆ ಬರಬಾರದು, ಸರಿ, ಮುಂದಿನದಕ್ಕೆ ಬರ್ತಾರೆ ಅಂದುಕೊಂಡೆ. ಇಶ್ಲ್‌ಗೆ ಬರ್ತಿದ್ದ ಹಾಗೆ. ಎರಡೂವರೆ ವರ್ಷ ಆ ಸರೋವರದ ಸ್ಟೇಷನ್ನಿಗೆ ಹೋಗಿ ಕೂತೆ, ಬಿಡುವಿದ್ದ ದಿನವೆಲ್ಲ. ರೈಲಿನ ಹೊತ್ತು ಬರೆದು ಬರೆದು ಕಳಿಸಿದೆ. ಒಬ್ಬ ಹೆಂಗಸು ಅದಕ್ಕಿಂತ ಬಿಡಿಸಿ ಏನು ಬರೆಯಬೇಕಿತ್ತು? ನೀವು ಸೋಪಿನ ವಿಚಾರ ಬರೆದಿರಿ.

ನೀವು ಅಪ್ಪಣೆಗೆ ಕಾದಿರಿ. ಅಪ್ಪಣೆ ಕೊಡಬೇಕಾದವರು ಇಲ್ಲಿ ಗುಡ್ಡದ ಮೇಲೆ, ಮಂಜಿನಲ್ಲಿ, ಬೂಷ್ಟು ಹಿಡಿದ ಮನೆಯಲ್ಲಿ ಮಲಗಿದ್ದರು. ಅವರ ಹೊದಿಕೆ ತೊಳೆದವಳು ನಾನು. ಅದರ ಮೂಲೆಯೂ ಹೊಸೆದುಹೋಗಿತ್ತು. ಒಂದು ಲೋಟ ನೀರು ಕೇಳಿ ತರಿಸಿಕೊಳ್ಳುವುದಕ್ಕೂ ಅವರ ಕೈಲಿ ಆಗುತ್ತಿರಲಿಲ್ಲ, ನಿಮ್ಮನ್ನು ಎಲ್ಲಿಂದ ಕರೆಸಿಯಾರು? ಈಗ ನೀವೂ ನನಗೆ ಒಂದು ಅಪ್ಪಣೆ ಕಳಿಸಿದ್ದೀರಿ. ಹಿಂದೆ ಚಕ್ರವರ್ತಿಯದು, ಈಗ ಗಣರಾಜ್ಯದ್ದು. ನಿಮ್ಮದು ಅಂತ ಯಾವತ್ತೂ ಒಂದು ಮಾತು ಬರಲಿಲ್ಲ.

ಸ್ಪೇನಿನ ದೊರೆ ಹಡಗು ಕಳಿಸಿದ್ದಾರೆ. ಮಹಾರಾಣಿಗೆ ದಿನ ತುಂಬುತ್ತಾ ಬಂದಿದೆ, ಮಕ್ಕಳು ನನ್ನ ಸೆರಗು ಬಿಡುವುದಿಲ್ಲ, ನಾನು ಅವರ ಜೊತೆ ಹೋಗುತ್ತೇನೆ. ಎಲ್ ಪಾರ್ಡೊ ಅರಮನೆಯಲ್ಲಿ ಇಳಿಸುತ್ತಾರಂತೆ.

ನಿಮಗೆ ಬೇಕಾಗಿದ್ದದ್ದು ಮಡಿಕೆ. ಹಿಂಬದಿಯಲ್ಲಿ ನನ್ನ ಅರ್ಧವನ್ನು ಬರೆದಿದ್ದೇನೆ, ಹನ್ನೊಂದು ಮಡಿಕೆ, ಒಂದೂ ಬಿಟ್ಟಿಲ್ಲ. ಬರೆಯಬಾರದು ಅಂತ ಗೊತ್ತು. ಒತ್ತಿ ಹಿಡಿಯುವುದಕ್ಕೆ ಯಾರ ಕೈಯಾದರೂ ನಡೆಯುತ್ತದೆ. ಇನ್ನು ನಿಮಗೆ ನಾನು ಬೇಕಾಗಿಲ್ಲ. ಬುರ್ಗಿ."

ಸೆವೆರಿನ್ ಹಾಳೆಯನ್ನು ತಿರುಗಿಸಿದ. "ಮೊದಲು ಎಡ ಹೆಬ್ಬೆರಳು" ಎಂಬ ಮೂರು ಪದ ಕಣ್ಣಿಗೆ ಬಿದ್ದವು. ತಕ್ಷಣ ಮುಖ ತಿರುಗಿಸಿದ. ಎದುರಿಗೆ ಗೋಡೆ ಇತ್ತು. ಹದಿನೆಂಟು ವರ್ಷದಲ್ಲಿ ಮೊದಲನೆಯ ಸಲ ಅವನಿಗೆ ಗೋಡೆಯ ಮೇಲೆ ಅಸಹ್ಯ ಹುಟ್ಟಿತು. ಯಾವ ಜನ್ಮದ ದಡ್ಡತನ ಇದು ಎಂದು ತನ್ನನ್ನೇ ಬೈದುಕೊಂಡ. ಒಂದೇ ರೈಲಿಗೆ ಹೋಗಬಾರದೆಂದು ನಿಯಮ ಹೇಳಿತ್ತೇ ಹೊರತು ಮುಂದಿನ ರೈಲಿಗೆ ಹೋಗಬಾರದೆಂದು ಹೇಳಿರಲಿಲ್ಲ. ಇದ್ದದ್ದು ದಿನಕ್ಕೆರಡು ರೈಲು. ಒಂದು ಸಾಮ್ರಾಜ್ಯ ಮುರಿದುಬಿದ್ದರೂ ರೈಲು ನಿಂತಿರಲಿಲ್ಲ.

"ಏನಂತೆ?" ಎಂದಳು ಪೊಸ್ಪಿಶಿಲಮ್ಮ ಒಲೆಯ ಕಡೆಯಿಂದ.

"ಬರಲ್ವಂತೆ."

"ಯಾಕೆ ಬರ್ಬೇಕು ಅಂತೀನಿ. ನೀವೇನು ಕಾಲಿಗೆ ಬೇರು ಬಿಟ್ಕೊಂಡಿದೀರಾ? ಹೋಗೋಕೆ ಯಾರು ಅಡ್ಡ ಇದಾರೆ ನಿಮ್ಗೆ?"

"ಅಪ್ಪಣೆ," ಎಂದು ಶುರುಮಾಡಿದ ಸೆವೆರಿನ್, ಹಾಗೆಯೇ ನಿಲ್ಲಿಸಿದ. ಪೊಸ್ಪಿಶಿಲಮ್ಮ ಸೌಟು ಕೆಳಗಿಟ್ಟು ಬೆನ್ನು ತಿರುಗಿಸಿದಳು, ಅವನು ಕಣ್ಣು ಒರೆಸಿಕೊಳ್ಳಲಿ ಎಂದು. ಅವಳಲ್ಲೂ ಅಷ್ಟು ದಾಕ್ಷಿಣ್ಯವಿತ್ತು.

ಹಾಳೆಯ ಹಿಂಬದಿ ಒಳಗೆ ಬರುವ ಹಾಗೆ ಕಾಗದವನ್ನು ಮಡಿಸಿ ಕೋಟಿನ ಒಳಜೇಬಿಗೆ ಹಾಕಿಕೊಂಡ. ಬೆಳ್ಳಿಯ ಕೋಣೆಯ ಬೀಗದಕೈ ಮೇಜಿನ ಮೇಲಿತ್ತು. "ಡಾಕ್ಟರ್ ರೀಗ್ಲ್ ಬಂದ್ರೆ ಇದನ್ನ ಕೊಡಿ," ಎಂದ.

"ಮಡಿಕೆ ಕೇಳಿದ್ರೆ?"

"ಅರ್ಧಾನೇ ಗೊತ್ತಿತ್ತು, ಅದೂ ಹೊರಟೋಯ್ತು ಅನ್ನಿ."

ಅವನ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ. ನಡುವೆ ಮೂರು ದೇಶದ ಗಡಿಗಳಿದ್ದವು, ಒಂದೊಂದು ಮೊಹರಿಗೆ ಒಂದೊಂದು ಸರತಿ ಸಾಲು. ಅವಳಿಗೆ ಈಗ ಅವನು ಬೇಕೋ ಬೇಡವೋ ಅದೂ ಗೊತ್ತಿರಲಿಲ್ಲ. ಕಾದು ಕಾದು ಅವಳ ಮನಸ್ಸು ಕಲ್ಲಾಗಿರಬಹುದು. ಹಾಗಾಗಿದ್ದರೆ ತಪ್ಪು ಅವಳದಲ್ಲ. ಬಾಗಿಲಲ್ಲಿ ನಿಂತು, ಆ ಕಾಗದವನ್ನು ಅವಳ ಕೈಗೆ ಕೊಟ್ಟು, ಕಣ್ಣೆತ್ತಿ ಅವಳ ಮುಖವನ್ನು ಒಂದು ಸಲ ನೆಟ್ಟಗೆ ನೋಡಿದರೆ ಅವನಿಗೆ ಸಾಕಿತ್ತು. ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದ.

ಬೀದಿಯ ಕೊನೆಯ ಅಂಚೆಮನೆಯಲ್ಲಿ ತಂತಿಯ ಕಾಗದ ಕೇಳಿ ಪಡೆದ. ಬರೆಯುವುದಕ್ಕೆ ಅರ್ಧ ಗಂಟೆ ಬೇಕಾಯಿತು. ಗಾಜಿನ ಹಿಂದೆ ಕೂತಿದ್ದ ಕನ್ನಡಕದ ಗುಮಾಸ್ತೆ ಅದನ್ನು ತೆಗೆದುಕೊಂಡು ಪೆನ್ಸಿಲ್ಲಿನ ತುದಿಯಿಂದ ಒಂದೊಂದು ಪದವನ್ನೂ ತಟ್ಟುತ್ತ ಓದಿದಳು.

"ಎಲ್ ಪಾರ್ಡೊ ಅರಮನೆ, ಐಗ್ನರ್. ಹಿಂಬದಿ ಓದಿಲ್ಲ. ಬರುತ್ತಿದ್ದೇನೆ. ಅಪ್ಪಣೆ ಯಾರದೂ ಇಲ್ಲ. ಸೆವೆರಿನ್." ಕನ್ನಡಕದ ಮೇಲಿಂದ ಅವನನ್ನು ನೋಡಿದಳು. "ಉದ್ದ ಆಯ್ತಲ್ಲ ಯಜಮಾನ್ರೇ, ಪದಕ್ಕೆ ಇಷ್ಟು ಅಂತ ದುಡ್ಡು. ಈ 'ಅಪ್ಪಣೆ ಯಾರದೂ ಇಲ್ಲ' ಅನ್ನೋದನ್ನ ತೆಗೀಲಾ? ಅದಿಲ್ದಿದ್ರೂ ಅರ್ಥ ಆಗುತ್ತೆ."

"ಅದಿರ್ಲಿ ತಾಯಿ," ಎಂದ ಸೆವೆರಿನ್. "ಬೇಕಾದ್ರೆ ಮಿಕ್ಕಿದ್ದನ್ನ ತೆಗೀರಿ."